ಮೇವಿಗೆ ಸೋಮವಾರದ ನೀರು

ವಾರದ ಏಳು ದಿನಗಳಲ್ಲಿ ಹುಡುಕಿ ಹುಡುಕಿ ಸೋಮವಾರವನ್ನೇ ಆರಿಸಿಕೊಂಡ ಜಲ ಉಳಿತಾಯದ ಅಧಿಕಾರಿಗಳಾದ ಮಾನ್ಯರೇ,

ಮೇವಿನ ಬೆಳೆಗೆ ವಾರದಲ್ಲಿ ಒಂದೇ ದಿನ, ಅದೂ ಸೋಮವಾರ ಮಾತ್ರ, ಬಾವಿಯ ನೀರು ಬಿಡತಕ್ಕದ್ದು ಎಂದು ತಾವು ಹೊರಡಿಸಿದ ಹುಕುಮಿನಿಂದ ನಮ್ಮ ತೊರವಿಯ ಹಸಿಮೇವೆಲ್ಲ ಒಣಗಿಹೋಯಿತು. ಕಾರಣ ಬಹಳ ಸಣ್ಣದು. ನಮ್ಮ ಬಾವಿಗಳಿಂದ ನೀರೆತ್ತುವವರು ನಾವಲ್ಲ, ನಮ್ಮ ಎತ್ತುಗಳು. ಸೋಮವಾರ ನಮ್ಮ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇಷ್ಟು ಸಂಗತಿಯನ್ನು ವಿಜಾಪುರದ ಸುತ್ತ ಯಾವ ಊರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ತಮಗೆ ಇದು ಗೊತ್ತಿರಲಿಲ್ಲವೆಂದು ನಾನು ದೂರುವುದಿಲ್ಲ. ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ದಿನವನ್ನು ಆರಿಸಿದಿರಿ. ಅದು ಹೇಗೆಂಬುದನ್ನು ನಾಲ್ಕು ಜನರ ಮುಂದೆ ಹೇಳಬೇಕೆಂದೇ ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ತಮ್ಮ ಕಚೇರಿಗೆ ಕಳಿಸಿದ ಅರ್ಜಿಗಳು ಎಲ್ಲಿಗೆ ಹೋಗುತ್ತವೋ ಬಲ್ಲವರಿಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನೀರು ಉಳಿಸಬೇಕೆಂಬುದಕ್ಕೆ ನನ್ನ ತಕರಾರಿಲ್ಲ. ನಗರದ ಟಾಂಗಾ ಕುದುರೆಗಳಿಗೆಂದು ನಾವು ಕುದುರೆ ಮಸಾಲೆ ಎಂಬ ಹಸಿಮೇವಿನ ಸೊಪ್ಪು ಬೆಳೆಯುತ್ತಿದ್ದ ಕಾಲದಲ್ಲಿ ನೀರನ್ನು ಮನಸ್ಸು ಬಂದಂತೆ ಹರಿಸಿದ್ದು ನಿಜ. ಆ ಸೊಪ್ಪಿಗೆ ನೀರು ಎಷ್ಟು ಕುಡಿಸಿದರೂ ಸಾಲದು. ಕೊಯ್ದಷ್ಟೂ ಚಿಗುರುತ್ತದೆ, ಚಿಗುರಿದಷ್ಟೂ ಬಾಯಾರುತ್ತದೆ. ಹಿಂದಿನ ಬರದಲ್ಲಿ ಬಾವಿಯ ತಳದ ಬಂಡೆ ಕಣ್ಣಿಗೆ ಬಿದ್ದ ಮೇಲೆ ನಮಗೆ ಬುದ್ಧಿ ಬಂತು. ಕುದುರೆ ಮಸಾಲೆಯನ್ನು ಕಿತ್ತು ಒಂದು ಮೂಲೆಗೆ ಮಾತ್ರ ಉಳಿಸಿಕೊಂಡೆವು. ಉಳಿದ ಕಡೆ ಮೇವಿನ ಜೋಳವನ್ನು ಒತ್ತಾಗಿ ಬಿತ್ತಿದೆವು. ಅಗಲವಾದ ಮಡಿಗಳನ್ನು ಒಡೆದು ಸಣ್ಣವು ಮಾಡಿದೆವು. ಬಾವಿಯಿಂದ ಮಡಿಯವರೆಗಿನ ಕಾಲುವೆಯಲ್ಲಿಯೇ ಅರ್ಧ ನೀರು ಇಂಗಿಹೋಗುತ್ತಿತ್ತು. ಅದಕ್ಕೆ ಎರೆಮಣ್ಣು ತಂದು ಮೆತ್ತಿ ಬಡಿದೆವು. ಬಿಸಿಲಿಳಿದ ಮೇಲೆ ನೀರು ಬಿಟ್ಟೆವು. ಸಾಲುಗಳ ನಡುವೆ ಒಣ ಎಲೆಗಳ ರವದಿ ಹರಡಿ ನೆಲದ ತಂಪು ಆರದಂತೆ ನೋಡಿಕೊಂಡೆವು. ನಮ್ಮದು ಕಲ್ಲು ಬೆರೆತ ಮರಡಿ ನೆಲ. ಒಂದೇ ದಿನ ಕೆರೆಯಷ್ಟು ನೀರು ನಿಲ್ಲಿಸಿದರೂ ಅದು ಹಿಡಿದಿಟ್ಟುಕೊಳ್ಳುವುದಿಲ್ಲ; ಸ್ವಲ್ಪ ಸ್ವಲ್ಪವಾಗಿ, ವಾರಕ್ಕೆ ಎರಡು ಸಲ ಕೊಟ್ಟರೆ ಕಡಿಮೆ ನೀರಿನಲ್ಲಿಯೇ ಬೆಳೆ ನಿಲ್ಲುತ್ತದೆ. ಇದನ್ನೆಲ್ಲ ಮಾಡಲು ನಮಗೆ ಯಾರ ಹುಕುಮೂ ಬಂದಿರಲಿಲ್ಲ. ಮಾಡಿದ್ದಕ್ಕೆ ಯಾರ ಶಾಭಾಸ್‌ಗಿರಿಯನ್ನೂ ನಾವು ಕೇಳಿರಲಿಲ್ಲ.

ಅಷ್ಟರಲ್ಲಿ ತಾವು ಬಂದಿರಿ. ಖುದ್ದಾಗಿ ಬಂದಿರಿ, ಆ ಮಟ್ಟಿಗೆ ತಮ್ಮನ್ನು ಮೆಚ್ಚಬೇಕು. ಚಾವಡಿಯ ಕಟ್ಟೆಯ ಮೇಲೆ ತಮಗಾಗಿ ಜಮಖಾನೆ ಹಾಸಿದ್ದೆವು. ಯುದ್ಧದ ಕಾಲ, ಕಾಳು ಹೆಚ್ಚು ಬೆಳೆಯಬೇಕು, ದನದ ಮೇವಿಗೆ ಸುರಿಯುವ ನೀರನ್ನು ಮನುಷ್ಯರ ಅನ್ನಕ್ಕೆ ತಿರುಗಿಸಬೇಕು ಎಂದು ತಾವು ಬಹಳ ಚೆನ್ನಾಗಿ ಮಾತಾಡಿದಿರಿ. ಆಮೇಲೆ ಒಂದು ಪ್ರಶ್ನೆ ಕೇಳಿದಿರಿ.

“ಕಾಳಿನ ಹೊಲದ ಕೆಲಸಕ್ಕೆ ಎತ್ತುಗಳು ಬೇಕಾಗದ ದಿನ ವಾರದಲ್ಲಿ ಯಾವುದಾದರೂ ಇದೆಯೇ?”

ನಮ್ಮ ಕಾಕಾ ಶಿವಯೋಗೆಪ್ಪ ಮುಂದೆ ಬಂದು ಕೈಮುಗಿದರು. ಊರಿನ ಹಿರಿಯರು ಅವರು. ಇಂಥ ಪ್ರಶ್ನೆಯನ್ನು ಸರ್ಕಾರ ಕೇಳಿತಲ್ಲ ಎಂದು ಅವರ ಮುಖ ಅರಳಿತ್ತು.

“ಸೋಮಾರ ಒಂದಿನ ಬ್ಯಾಡ್ರಿ ಸಾಹೇಬ್ರ. ಸೋಮಾರ ನಾವು ಎತ್ತ ಹೂಡಂಗಿಲ್ರಿ. ಬಸವಣ್ಣನ ದಿನ ಅದು. ಮೈ ತೊಳದು, ಪೂಜಿ ಮಾಡಿ, ಮೇಯಾಕ ಬಿಟ್ಟಬಿಡ್ತೇವ್ರಿ.”

“ಅಂದರೆ ಆ ದಿನ ಅವು ಸುಮ್ಮನೆ ನಿಂತಿರುತ್ತವೆ?”

“ಹೂನ್ರಿ. ಸುಮ್ನ ನಿಂತಿರ್ತಾವು.”

ತಾವು ಕಾರಕೂನರ ಕಡೆ ನೋಡಿದಿರಿ, ಕಾರಕೂನರು ಬರೆದುಕೊಂಡರು. ಕಾಕಾ ಮನೆಗೆ ಬಂದು ನಮ್ಮವ್ವನ ಮುಂದೆ ಕೂತು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. “ವೈನಿ, ಸಾಹೇಬ್ರು ಭಾಳ ಛಲೋ ಮನಷ್ಯಾ ಅದಾರ. ಎತ್ತಿನ ಸೂಟಿ ಯಾವತ್ತ ಅಂತನೂ ವಿಚಾರಿಸಿದ್ರ ನೋಡು.” ಹದಿನೈದು ದಿನವೂ ಕಳೆಯಲಿಲ್ಲ, ವಾಲೀಕಾರ ಡಂಗುರ ಸಾರಿದ. ಮೇವಿಗೆ ನೀರು ಸೋಮವಾರ ಮಾತ್ರ. ಬೇರೆ ದಿನ ಬಿಟ್ಟರೆ ನಿಂತ ಮೇವನ್ನು ಕೊಯ್ದು ಜಪ್ತಿ ಮಾಡಲಾಗುವುದು. ಕಾಕಾ ಅಂದಿನಿಂದ ಚಾವಡಿಯ ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಯಾರಾದರೂ ಕರೆದರೆ ಮಂಡಿನೋವು ಎನ್ನುತ್ತಾರೆ.

ತಮ್ಮ ತರ್ಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಮಾನ್ಯರೇ. ಉಳಿದ ಆರು ದಿನ ಎತ್ತು ಕಾಳಿಗಾಗಿ ದುಡಿಯಲಿ, ಏಳನೆಯ ದಿನ ಖಾಲಿ ನಿಂತಿದೆಯಲ್ಲ, ಆ ದಿನ ತನ್ನ ಮೇವನ್ನು ತಾನೇ ದುಡಿದುಕೊಳ್ಳಲಿ. ಕಾಗದದ ಮೇಲೆ ಇದಕ್ಕಿಂತ ಚೊಕ್ಕಟವಾದ ವ್ಯವಸ್ಥೆ ಇನ್ನೊಂದಿಲ್ಲ. ದಣಿವಾರಿಸಿಕೊಳ್ಳಲೆಂದು ನಿಂತದ್ದನ್ನು ತಾವು ಕೆಲಸವಿಲ್ಲದೆ ನಿಂತದ್ದೆಂದು ತಿಳಿದಿರಿ, ಅಷ್ಟೇ. ಈ ತರ್ಕ ಎಲ್ಲರಿಗೂ ಒಪ್ಪುತ್ತದೆಯೇ ಎಂದು ಪರೀಕ್ಷಿಸಲು ನಾನೊಂದು ಸಲ ಬೇಕೆಂದೇ ರವಿವಾರದ ದಿನ ಅರ್ಜಿ ಹಿಡಿದುಕೊಂಡು ನಗರಕ್ಕೆ ನಡೆದೆ. ಗೋಳಗುಮ್ಮಟದ ಕಡೆಯ ರಸ್ತೆಯಲ್ಲಿ ತಮ್ಮ ಕಚೇರಿಗೆ ಬೀಗ ಬಿದ್ದಿತ್ತು. ಪಡಸಾಲೆಯಲ್ಲಿ ಸಿಪಾಯಿ ಫಕ್ರುದ್ದೀನ ಕೂತು ವೀಳ್ಯ ಮೆಲ್ಲುತ್ತಿದ್ದ.

“ಇವತ್ತ ರವಿವಾರ ಐತ್ರಿ. ಕಚೇರಿ ಬಂದ್.”

“ಗೊತ್ತೈತಿ. ಸಾಹೇಬ್ರು ಇವತ್ತ ಖಾಲಿ ಇರ್ತಾರಲ್ಲ, ಅದಕ್ಕ ಬಂದೇನಿ. ಕೆಲಸದ ದಿನ ಬಂದು ಅವರಿಗೆ ತ್ರಾಸ ಯಾಕ ಕೊಡೂದು?”

ಫಕ್ರುದ್ದೀನ ನನ್ನ ಮುಖವನ್ನೇ ನೋಡಿದ. ಅವನ ಊರು ಟಿಕೋಟಾ; ಸೋಮವಾರದ ವಿಷಯ ಅವನಿಗೆ ಹೇಳಬೇಕಾಗಿರಲಿಲ್ಲ. ವೀಳ್ಯ ಉಗುಳಿ ಬಂದು, ಬಹಳ ಸಂಕಟದಿಂದಲೇ ಹೇಳಿದ: “ಗೌಡ್ರ, ನೀವು ಹೇಳೂದು ನನಗ ತಿಳೀತೈತ್ರಿ. ನನಗ ತಿಳದು ಏನ ಮಾಡೂದೈತಿ? ಇಲ್ಲೆ ಇಟ್ಟು ಹೋಗ್ರಿ, ನಾಳೆ ಮ್ಯಾಜಿನ ಮ್ಯಾಲ ಇಡ್ತೇನಿ.” ಇಟ್ಟು ಬಂದೆ. ಅವನು ಇಟ್ಟಿರುತ್ತಾನೆಂದು ನನಗೆ ನಂಬಿಕೆಯಿದೆ. ಆ ಅರ್ಜಿ ಮೇಜಿನ ಮೇಲಿಂದ ಮುಂದೆ ಎಲ್ಲಿಗೂ ಹೋಗಿಲ್ಲವೆಂಬ ನಂಬಿಕೆಯೂ ಇದೆ.

ನಮ್ಮವ್ವ ಮುರಿಗೆವ್ವ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ಸೋಮವಾರವೂ ತಪ್ಪಿಸದೆ ಎತ್ತುಗಳ ಮೈ ತೊಳೆದವಳು. ಹಣೆಗೆ ವಿಭೂತಿ ಹಚ್ಚುತ್ತಾಳೆ, ನೈವೇದ್ಯದ ತುತ್ತು ಬಾಯಿಗೆ ಕೊಡುತ್ತಾಳೆ, ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಆಮೇಲೆಯೇ ಅವಳ ಉಪವಾಸ ಮುಗಿಯುವುದು. ಈಗಿರುವ ಜೋಡಿಯಲ್ಲಿ ಕೆಂಚ ನಮ್ಮ ಮನೆಯಲ್ಲೇ ಹುಟ್ಟಿದ್ದು. ಮೈ ತೊಳೆದ ಮೇಲೆ ಅಂದು ನೊಗ ಬರುವುದಿಲ್ಲವೆಂದು ಅದಕ್ಕೆ ಗೊತ್ತು. ಬಾಲ ಎತ್ತಿಕೊಂಡು ಕರುವಿನ ಹಾಗೆ ಬದುವಿನ ಕಡೆ ಓಡುತ್ತದೆ. ಇದು ನಮ್ಮ ಜಾತಿಯವರದಷ್ಟೇ ಆಚಾರವೆಂದು ತಾವು ತಿಳಿಯಬಾರದು. ನಮ್ಮ ಬದುವಿಗೆ ಬದು ಹತ್ತಿದ ಹೊಲದವನು ಪೀರಸಾಬ. ಅವನ ಎತ್ತುಗಳೂ ಸೋಮವಾರ ದುಡಿಯುವುದಿಲ್ಲ. ಯಾಕೆಂದು ನಾನು ಒಮ್ಮೆ ಕೇಳಿದಾಗ, “ನಿಮ್ಮ ಎತ್ತ ಮೇಯೂದ ನೋಡಿ ನನ್ನ ಎತ್ತ ನೊಗ ಹೊತ್ತು ಹೋದ್ರ, ಅದರ ಮಾರಿ ನಾ ಹೆಂಗ ನೋಡ್ಲಿ?” ಎಂದಿದ್ದ. ಇಂಥವರ ಊರು ನಮ್ಮದು.

ಹುಕುಂ ಜಾರಿಯಾದ ಮೊದಲ ಸೋಮವಾರ ಊರಿನ ಒಂದು ಬಾವಿಯಲ್ಲೂ ಮೊಟ್ಟೆ ಇಳಿಯಲಿಲ್ಲ. ನೀರೆತ್ತುವ ತೊಗಲಿನ ಚೀಲಗಳು ಒಣಗಿ ಸೆಟೆದು ಕೂತವು. ತಮ್ಮ ಸರ್ಕಲ್ ಸಾಹೇಬರು ಸೈಕಲ್ ಮೇಲೆ ಬಂದು ಬಾವಿಯಿಂದ ಬಾವಿಗೆ ಹೋಗಿ ಇಣುಕಿದರು. ಮರುವಾರ ಮತ್ತೆ ಬಂದರು, ಮತ್ತೆ ಇಣುಕಿದರು. ಬಾವಿಯಲ್ಲಿ ನೀರು ಏರಿತ್ತು. ಏರದೆ ಏನು? ಮೇವಿಗೆಂದು ತೆಗೆಯುವವರಿದ್ದರಲ್ಲವೇ! ಆ ನೀರನ್ನು ನೋಡಿ ಅವರಿಗೆ ಆದ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಚಾವಡಿಯಲ್ಲಿ ತಮ್ಮ ಕಚೇರಿಯ ಪ್ರಕಟಣೆಯನ್ನು ಓದಿ ಹೇಳಿದರು. ತೊರವಿಯ ರೈತರು ಹುಕುಮಿಗೆ ಮನಃಪೂರ್ವಕ ಸಹಕಾರ ಕೊಟ್ಟಿದ್ದಾರೆ, ಮೇವಿನ ಬೆಳೆಯ ನೀರಿನ ಬಳಕೆ ಊಹೆಗೂ ಮೀರಿ ಇಳಿದಿದೆ, ಈ ಯಶಸ್ಸನ್ನು ಕಂಡು ಇದೇ ಪದ್ಧತಿಯನ್ನು ಟಿಕೋಟಾ ಮತ್ತು ಬಬಲೇಶ್ವರ ಭಾಗಕ್ಕೂ ವಿಸ್ತರಿಸಲಾಗುವುದು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಬಬಲೇಶ್ವರ ಭಾಗದ ನಿಡೋಣಿಯಲ್ಲಿಯೇ ನನ್ನ ತಂಗಿ ನೀಲಾಬಾಯಿಯ ಮನೆಯಿದೆ. ಅವಳ ಎಮ್ಮೆಗಳ ಹಸಿಮೇವನ್ನೂ ನಾವೇ ಒಣಗಿಸಿದಂತಾಯಿತು, ಅದೂ ಮನಃಪೂರ್ವಕವಾಗಿ.

ಮಂಗಳವಾರ ಬೆಳಿಗ್ಗೆ ಬೇಗ ಎದ್ದು ಒಂದಿಷ್ಟು ಬಿಟ್ಟುಕೊಳ್ಳಬಾರದಿತ್ತೇ ಎಂದು ಓದುಗರು ಕೇಳಬಹುದು. ಪೀರಸಾಬ ಬಿಟ್ಟ. ಅವನ ಮೇವಿನ ಜೋಳವನ್ನು ಅದೇ ವಾರ ಬುಡಸಹಿತ ಕೊಯ್ದು ಗಾಡಿಯಲ್ಲಿ ಹೇರಿಕೊಂಡು ಹೋದರು. ಆ ಮೇವು ಎಲ್ಲಿಗೆ ಹೋಯಿತೆಂದು ಫಕ್ರುದ್ದೀನನೇ ಅವನಿಗೆ ಹೇಳಿದನಂತೆ: ತಮ್ಮ ಸವಾರಿಯ ಟಾಂಗಾದ ಕುದುರೆಗೆ. ಮಂಗಳವಾರದ ನೀರು ಕುಡಿದು ಬೆಳೆದ ಅಪರಾಧಿ ಮೇವು ಕುದುರೆಗೆ ಪಥ್ಯವಾಯಿತೇ, ಮಾನ್ಯರೇ? ಕುದುರೆ ಕ್ಷೇಮವಷ್ಟೇ?

ಬೇಸಿಗೆ ಏರಿತು. ಜೋಳದ ಒಣ ಕಣಕಿಯ ಬಣವೆ ತಳ ಕಂಡಿತು. ಕೆಂಚನ ಪಕ್ಕೆಲುಬುಗಳು ಎಣಿಸುವ ಹಾಗೆ ಕಾಣತೊಡಗಿದವು. ಆರು ದಿನ ಅದು ತಮ್ಮ ಕಾಳಿಗೆ ನೀರೆತ್ತಬೇಕು. ಎತ್ತಿ ಬಂದ ಮೇಲೆ ಮುಂದೆ ಹಾಕಲು ಹಿಡಿ ಹಸಿರಿಲ್ಲ. ಆಗ ನಾನು ಮತ್ತು ಪೀರಸಾಬ ಒಂದು ಯೋಚನೆ ಮಾಡಿದೆವು. ಸೋಮವಾರ ಎತ್ತು ಹೂಡಬಾರದು, ಸರಿ; ಆದರೆ ಮನುಷ್ಯರು ಹೂಡಿಕೊಳ್ಳಬಾರದೆಂದು ಯಾವ ಆಚಾರವೂ ಇಲ್ಲ, ಯಾವ ಹುಕುಮೂ ಇಲ್ಲ. ನಮ್ಮ ಹೊಲದಲ್ಲಿ ದುಡಿಯುವ ಶಾಂತಪ್ಪ, ಇನ್ನೂ ನಾಲ್ಕು ಗಟ್ಟಿ ಆಳುಗಳು, ನಾವಿಬ್ಬರು ಸೇರಿ ಮೊಟ್ಟೆಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡೆವು. ಬಾವಿಯ ಬಾಯಿಂದ ಎತ್ತು ಇಳಿಯುವ ಇಳಿಜಾರಿನಲ್ಲಿ ಏದುತ್ತ ಇಳಿದೆವು. ತುಂಬಿದ ಮೊಟ್ಟೆ ನಮಗೆ ಏಳಲಿಲ್ಲ. ಅರ್ಧ ತುಂಬಿ ಎಳೆದೆವು. ಆ ನೀರು ಒಣಗಿದ ಕಾಲುವೆಯಲ್ಲಿ ನಾಲ್ಕು ಮಾರು ಹೋಗಿ ಇಂಗಿತು. ಮತ್ತೆ ಎಳೆದೆವು. ಮಧ್ಯಾಹ್ನದ ಹೊತ್ತಿಗೆ ಹೆಗಲ ಚರ್ಮ ಸುಲಿದು ಅಂಗಿಗೆ ಅಂಟಿತ್ತು, ನೀರು ಮೊದಲ ಮಡಿಯನ್ನು ಮುಟ್ಟಿತ್ತು.

ಅವ್ವ ಎತ್ತುಗಳ ಮೈ ತೊಳೆದು, ಪೂಜೆ ಮುಗಿಸಿ, ನೈವೇದ್ಯದ ತಟ್ಟೆ ಹಿಡಿದುಕೊಂಡೇ ನಮಗೆ ಬುತ್ತಿ ಬೇಕೇ ಎಂದು ಕೇಳಲು ಬಂದಳು. ಇಳಿಜಾರಿನ ತಲೆಯಲ್ಲಿ ನಿಂತು ನನ್ನನ್ನು ನೋಡಿದಳು.

“ಎತ್ತಿನ ಹೆಗಲ ಮ್ಯಾಲಿಂದ ತಗದು ಮಗನ ಹೆಗಲ ಮ್ಯಾಲ ಇಟ್ಟೇನೇನೋ ನಾ?”

“ಒಂದಿನದ್ದು ಬೇ. ಆಗ್ತೈತಿ ಬಿಡು,” ಎಂದೆ.

ಪೀರಸಾಬ ಹಗ್ಗ ಕೆಳಗಿಟ್ಟು ಮುಂದೆ ಬಂದ. “ಅವ್ವಾರ, ನನ್ನ ಎತ್ತ ಹೊಡಕೊಂಡ ಬರ್ತೇನಿ. ಎರಡೂ ಹೊಲಕ್ಕ ನನ್ನವ ಎಳೀತಾವು. ಪಾಪ ಬಂದ್ರ ನನಗ ಬರ್ಲಿ.”

“ಸುಮ್ನಿರೋ ಪೀರ್ಯಾ,” ಎಂದಳು ಅವ್ವ. “ನಿನ್ನ ಎತ್ತ ಬ್ಯಾರೆ, ನನ್ನ ಎತ್ತ ಬ್ಯಾರೆ ಏನು? ಎತ್ತ ಉಪಾಸ ಕೆಡವಿ ಪೂಜಿ ಮಾಡಿದ್ರ ಬಸವಣ್ಣ ಮೆಚ್ಚತಾನೇನು? ಹೊಟ್ಟಿಗಿಲ್ಲದ ದೇವರಿಗೆ ವಿಭೂತಿ ಹಚ್ಚಿ ಏನ ಉಪಯೋಗ?”

ತಟ್ಟೆಯನ್ನು ಕಲ್ಲಿನ ಮೇಲಿಟ್ಟು ತಾನೇ ಹೋದಳು. ಕೆಂಚನನ್ನೂ ಅದರ ಜೋಡಿಯನ್ನೂ ಹಿಡಿದುಕೊಂಡು ಬಂದಳು. ಅವುಗಳ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ನನಗೆ ನೊಗ ಎತ್ತಲು ಕೈ ಬರಲಿಲ್ಲವೆಂದು ನೋಡಿ ಒಂದು ತುದಿಯನ್ನು ಅವಳೇ ಹಿಡಿದಳು. ಕೆಂಚ ಹಿಂದೆ ಸರಿದೀತು, ಕೊಸರಾಡೀತು, ಒಂದು ಸಲ ಹಾಯ್ದೀತು ಎಂದು ನಾನು ಕಾದೆ. ಹಾಯ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದು ಹಾಯಲಿಲ್ಲ. ಅವ್ವ ಮುಂದೆ ನಿಂತಿದ್ದಳಲ್ಲ, ಅವಳ ಮುಖ ನೋಡುತ್ತ ಕತ್ತು ಬಗ್ಗಿಸಿ ಕೊಟ್ಟಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಹೋದಳು. ಅಂದು ಅವಳು ಉಪವಾಸ ಬಿಡಲಿಲ್ಲ. ಪೀರಸಾಬನ ಎತ್ತುಗಳೂ ಅಂದೇ ಬಂದವು, ಊರಿನ ಇನ್ನೂ ಕೆಲವರವೂ ಬಂದವು. ಮುರಿಗೆವ್ವನೇ ಹೂಡಿದ ಮೇಲೆ ನಮ್ಮದೇನು ಎಂದರು.

ಇಷ್ಟಾದ ಮೇಲಾದರೂ ತಮ್ಮ ಹುಕುಂ ಸಾರ್ಥಕವಾಯಿತಲ್ಲ, ತಾವು ಹೇಳಿದ ದಿನವೇ ತಾವು ಹೇಳಿದ ಬೆಳೆಗೆ ನೀರು ಬಿಟ್ಟೆವಲ್ಲ ಎಂದುಕೊಂಡಿದ್ದೆವು. ಮೂರನೆಯ ವಾರ ನನಗೆ ನೋಟೀಸು ಬಂತು. ತೊರವಿಯಲ್ಲಿ ಮೇವಿನ ಬೆಳೆಯ ನೀರಿನ ಬಳಕೆ ಒಮ್ಮೆಲೇ ಹೆಚ್ಚಿದ್ದು ಕಂಡುಬಂದಿದೆ, ಈ ಹಿಂದೆ ಸಾಧಿಸಿದ ಉಳಿತಾಯಕ್ಕೆ ಧಕ್ಕೆ ತಂದವರಲ್ಲಿ ನೀವು ಮೊದಲಿಗರೆಂದು ತಿಳಿದುಬಂದಿದೆ, ಕಾರಣ ತಿಳಿಸತಕ್ಕದ್ದು. ಕೆಳಗೆ ಇನ್ನೊಂದು ಸಾಲಿತ್ತು. ನೀರಿಲ್ಲದೆಯೂ ಮೇವಿನ ಬೆಳೆ ತೆಗೆಯಲು ಸಾಧ್ಯವೆಂಬುದು ಇದೇ ಗ್ರಾಮದ ಹಿಂದಿನ ಅನುಭವದಿಂದ ಸಿದ್ಧವಾಗಿರುವುದರಿಂದ, ಬರುವ ಹಂಗಾಮಿನಿಂದ ಸೋಮವಾರದ ರಿಯಾಯಿತಿಯನ್ನೂ ರದ್ದುಪಡಿಸುವ ವಿಚಾರವಿದೆ.

ಕೇಳಿದ ಕಾರಣವನ್ನು ಮೇಲೆ ಬರೆದಿದ್ದೇನೆ. ಆದರೆ ನನ್ನದೂ ಕೆಲವು ಪ್ರಶ್ನೆಗಳಿವೆ. ಒಣಗಿದ ಹೊಲಕ್ಕೆ ಉಳಿತಾಯವೆಂದು ಹೆಸರಿಟ್ಟವರು ಒಂದು ಸಲವಾದರೂ ಬಾವಿಯನ್ನು ಬಿಟ್ಟು ಹೊಲದ ಕಡೆ ಇಣುಕಿದ್ದರೇ? ಬಾವಿಯಲ್ಲಿ ನೀರು ಏರಿದ್ದನ್ನು ಕಂಡವರಿಗೆ ಪಕ್ಕದಲ್ಲಿಯೇ ಎತ್ತಿನ ಪಕ್ಕೆ ಇಳಿದದ್ದು ಕಾಣಲಿಲ್ಲವೇ? ಎತ್ತು ಸತ್ತರೆ ತಮ್ಮ ಕಾಳಿನ ಹೊಲಕ್ಕೆ ಆರು ದಿನ ನೀರೆತ್ತುವವರು ಯಾರು? ಸರ್ಕಲ್ ಸಾಹೇಬರ ಸೈಕಲ್ಲೇ? ಸಣ್ಣ ಮಡಿ, ಮೆತ್ತಿದ ಕಾಲುವೆ, ಸಂಜೆಯ ನೀರು, ಇವುಗಳಿಂದ ನಾವು ನಿಜವಾಗಿ ಉಳಿಸುತ್ತಿದ್ದ ನೀರು ಯಾರ ವರದಿಯಲ್ಲೂ ಬರಲಿಲ್ಲ. ಬೆಳೆಯೂ ಇತ್ತು, ನೀರೂ ಉಳಿದಿತ್ತು. ಅದು ಯಾರಿಗೂ ಸುದ್ದಿಯಾಗಲಿಲ್ಲ. ಬೆಳೆ ಸತ್ತ ಮೇಲೆ ಉಳಿದ ನೀರಿಗೆ ಪ್ರಕಟಣೆ ಬಂತು. ಉತ್ತರ ಬರುತ್ತದೆಂದು ನಾನು ಇದನ್ನೆಲ್ಲ ಕೇಳುತ್ತಿಲ್ಲ. ತಮ್ಮ ಕುರ್ಚಿಗೆ ನಾಳೆ ಇನ್ನೊಬ್ಬರು ಬಂದಾರು. ಅವರೂ ಚಾವಡಿಗೆ ಬಂದು ಒಂದು ಪ್ರಶ್ನೆ ಕೇಳಿಯಾರು. ಅದಕ್ಕೆ ಉತ್ತರ ಹೇಳಲು ಈಗ ನಮ್ಮೂರಿನಲ್ಲಿ ಯಾರೂ ಇಲ್ಲ.

ಕಳೆದ ಸೋಮವಾರದ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ನೋಟೀಸು ಬಂದ ಮೇಲೆ ನಾವು ಯಾರೂ ಮೊಟ್ಟೆ ಹೂಡುವುದು ಬೇಡವೆಂದು ಮಾತಾಡಿಕೊಂಡಿದ್ದೆವು. ಮೇವು ಹೇಗೂ ಹೋಯಿತು, ಎತ್ತಿಗೆ ಬಿಡುವಾದರೂ ಇರಲಿ ಎಂದೆವು. ಅವ್ವ ಬಹಳ ದಿನಗಳ ಮೇಲೆ ಮೊದಲಿನ ಹಾಗೆ ಕೆಂಚನ ಮೈ ತೊಳೆದಳು, ವಿಭೂತಿ ಹಚ್ಚಿದಳು, ತುತ್ತು ಕೊಟ್ಟಳು, ಹಗ್ಗ ಬಿಚ್ಚಿದಳು. “ಹೋಗು ಯಪ್ಪಾ, ಇವತ್ತ ನಿಂದು,” ಎಂದಳು. ಕೆಂಚ ಬದುವಿನ ಕಡೆ ಓಡಲಿಲ್ಲ. ಬಾವಿಯ ಕಡೆ ತಿರುಗಿತು. ನಿಧಾನವಾಗಿ ನಡೆದು ಹೋಗಿ, ಇಳಿಜಾರಿನ ತಲೆಯಲ್ಲಿ ತನ್ನ ಜಾಗದಲ್ಲಿ ನಿಂತು, ನೊಗಕ್ಕಾಗಿ ಕತ್ತು ಬಗ್ಗಿಸಿತು. ಅವ್ವ ಅಲ್ಲಿಯೇ ನೆಲದ ಮೇಲೆ ಕುಸಿದು ಕೂತು ಅತ್ತಳು. ನಾನೂ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆದ್ದರಿಂದ ನನ್ನ ಬೇಡಿಕೆ ಈಗ ಬಹಳ ಸಣ್ಣದಾಗಿದೆ. ನೀರಿನ ಮಾತು ಬಿಟ್ಟಿದ್ದೇನೆ. ಮಂಗಳವಾರವಾದರೂ ಕೊಡಿ, ಬುಧವಾರವಾದರೂ ಕೊಡಿ, ಯಾವುದನ್ನೂ ಕೊಡದಿದ್ದರೂ ಸರಿ. ಈ ಪತ್ರ ಬರೆಯಲು ಕೂತಾಗ ಅವ್ವ ಹೇಳಿದ್ದು ಇಷ್ಟೇ: “ಸೋಮಾರ ನಮ್ಮದು ನಮಗ ಕೊಡ್ರಿ ಅಂತ ಬರಿ. ಬ್ಯಾರೆ ಏನೂ ಬರೀಬ್ಯಾಡ.” ಹುಕುಮಿನಿಂದ ಆ ಒಂದು ದಿನದ ಹೆಸರನ್ನು ಹೊಡೆದುಹಾಕಿ. ಹೊಡೆದುಹಾಕಿದ ಸುದ್ದಿಯನ್ನು ಊರಿಗೆ ವಾಲೀಕಾರನ ಕೈಯಲ್ಲಿ ಸಾರಿಸಿದರೆ ಸಾಕು. ಎತ್ತಿಗೆ ತಿಳಿಸಿ ಹೇಳುವ ಕೆಲಸ ನಮಗಿರಲಿ. ಅದಕ್ಕೆ ಬಹಳ ದಿನ ಹಿಡಿಯುತ್ತದೆ.

ಇಂತಿ,
ತಮ್ಮ ಉಳಿತಾಯಕ್ಕೆ ಧಕ್ಕೆ ತಂದವರಲ್ಲಿ ಮೊದಲಿಗನಾದ,
ಗುರಲಿಂಗಪ್ಪ
ತೊರವಿ, ತಾಲೂಕು ವಿಜಾಪುರ
೧೯೪೪ರ ಬೇಸಿಗೆ, ಒಂದು ಸೋಮವಾರ